ತಟ್ಟೆಯೊಳಗಿನ ಉಗ್ರಾಣ
1956ರಲ್ಲಿ ಐಬಿಎಂ ಹೊರತಂದ ರಾಮ್ಯಾಕ್ ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಒಂದು ಟನ್ನಿನಷ್ಟು ತೂಗುತ್ತಿತ್ತು. ಎರಡಡಿ ಅಗಲದ 50 ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿದ್ದರೂ ಅದರಲ್ಲಿ ಹಿಡಿಯುತ್ತಿದ್ದದ್ದು 50 ಲಕ್ಷ ಅಕ್ಷರ. ಇಂದಿನ ಮೊಬೈಲಿನ ಒಂದು ಫೋಟೊಗೂ ಸಾಲದೆ ಹೋಗಬಹುದು. 1980ರ ಹೊತ್ತಿಗೆ ಸೀಗೇಟ್ ಕಂಪನಿ ಅಷ್ಟನ್ನೇ ಕೈಯಲ್ಲಿ ಹಿಡಿಯಬಹುದಾದ ಡಬ್ಬಿಗೆ ಇಳಿಸಿತು. ಆಮೇಲಿನ ನಾಗಾಲೋಟಕ್ಕೆ ದೊಡ್ಡ ಕಾರಣ ಓದುವ ಮುಳ್ಳು. ತಟ್ಟೆಯ ಮೇಲೆ ಮಾಹಿತಿ ಇರುವುದು ಪುಟ್ಟ ಪುಟ್ಟ ಅಯಸ್ಕಾಂತದ ಗುರುತುಗಳಾಗಿ. ಗುರುತು ಕಿರಿದಾದಷ್ಟೂ ಜಾಗ ಹೆಚ್ಚು, ಆದರೆ ಓದುವುದು ಕಷ್ಟ. 1988ರಲ್ಲಿ ಫ್ರಾನ್ಸಿನ ಆಲ್ಬರ್ಟ್ ಫೆರ್ಟ್, ಜರ್ಮನಿಯ ಪೀಟರ್ ಗ್ರೂನ್‌ಬರ್ಗ್ ಬೇರೆಬೇರೆಯಾಗಿಯೇ ಒಂದು ಸಂಗತಿ ಕಂಡುಕೊಂಡರು: ಕೆಲವೇ ಪರಮಾಣು ದಪ್ಪದ ಲೋಹದ ಪದರಗಳನ್ನು ಜೋಡಿಸಿಟ್ಟರೆ, ತೀರಾ ದುರ್ಬಲ ಕಾಂತಕ್ಷೇತ್ರಕ್ಕೂ ಅವುಗಳ ವಿದ್ಯುತ್ ರೋಧ ಗಣನೀಯವಾಗಿ ಬದಲಾಗುತ್ತದೆ. ಅಂಥ ಪದರಗಳಿಂದ ಮಾಡಿದ, ಕಿರಿದಾದ ಗುರುತನ್ನೂ ಓದಬಲ್ಲ ಮುಳ್ಳು ಒಂಬತ್ತೇ ವರ್ಷಕ್ಕೆ ಅಂಗಡಿಯ ಡ್ರೈವಿನೊಳಗೆ ಬಂತು. ಇಬ್ಬರಿಗೂ ನೊಬೆಲ್ ಸಿಕ್ಕ 2007ರಲ್ಲೇ ಮೊದಲ ಒಂದು ಟೆರಾಬೈಟ್ ಡ್ರೈವ್ ಮಾರುಕಟ್ಟೆಗೆ ಬಂದದ್ದು ಕಾಕತಾಳೀಯವಾದರೂ ಸೊಗಸಾಗಿದೆ. ಈಗ ಲೇಸರಿನಿಂದ ತಟ್ಟೆ ಕಾಯಿಸಿ ಬರೆಯುವ 30 ಟೆರಾಬೈಟ್ ಡ್ರೈವುಗಳಿವೆ. ವೇಗದ ಕಥೆ ಮಾತ್ರ ಬೇರೆ. 1992ರ ಸೀಗೇಟ್ ಬರಾಕುಡಾ ನಿಮಿಷಕ್ಕೆ 7200 ಸುತ್ತು ತಿರುಗುತ್ತಿತ್ತು, ಈ ದೈತ್ಯ ಡ್ರೈವ್ ತಿರುಗುವುದೂ ಅಷ್ಟೇ. ಅದನ್ನು ಪೂರ್ತಿ ನಕಲು ಮಾಡಲು ಒಂದು ದಿನಕ್ಕಿಂತ ಹೆಚ್ಚೇ ಬೇಕು. ಬ್ಯಾಕಪ್ ಅನ್ನು ನಾಳೆಗೆ ಮುಂದೂಡುವವರು ಈ ಲೆಕ್ಕ ನೆನಪಿಟ್ಟುಕೊಳ್ಳಿ.