ನೀವೇ ಕಟ್ಟಿದ ಗಂಟೇ?

ಮನೆಮಂದಿಯೆಲ್ಲ ಕೂಡಿ ಮಾಡಿದ ಹಡಗಿನ ಪ್ರವಾಸದ ಸಂಗತಿಯನ್ನು ಈ ಸಂಚಿಕೆಯಲ್ಲಿ ಬರೆಯುವೆವೆಂದು ವಾಚಕರಿಗೆ ಕಳೆದ ಸಲ ಮಾತು ಕೊಟ್ಟಿದ್ದೆವು. ಅಲೆಗಳ ವರ್ಣನೆ, ಸೂರ್ಯಾಸ್ತದ ವರ್ಣನೆ, ಹಡಗಿನ ಊಟದ ವರ್ಣನೆ ಬೇಕೆನ್ನುವವರು ನಮ್ಮನ್ನು ಕ್ಷಮಿಸಬೇಕು. ಹಡಗಿನಲ್ಲಿ ಕಳೆದ ಮೂರು ರಾತ್ರಿಗಳಲ್ಲಿ ಹೇಳಿಕೊಳ್ಳುವಂಥದೇನೂ ನಡೆಯಲಿಲ್ಲ. ನಡೆದದ್ದೆಲ್ಲ ಹಡಗಿನಿಂದ ಇಳಿದ ಮೇಲೆ, ದಿಲ್ಲಿಗೆ ಮರಳಲೆಂದು ಮುಂಬಯಿಯ ವಿಮಾನ ನಿಲ್ದಾಣದ ಚೆಕ್-ಇನ್ ಕೌಂಟರಿನ ಮುಂದೆ ನಿಂತಾಗ. ಅಷ್ಟೂ ನಡೆದದ್ದು ಒಂದು ಗಂಟೆಗಿಂತ ಕಡಿಮೆ ಹೊತ್ತಿನಲ್ಲಿ.

ಕಥೆಯ ಬುಡವನ್ನು ಮೊದಲು ಹೇಳಿಬಿಡುವುದು ಲೇಸು. ತಿಪಟೂರಿನ ಹತ್ತಿರದ ಹಳ್ಳಿಯಲ್ಲಿ ನಮ್ಮ ತಾಯಿಯವರು ಒಬ್ಬರೇ ಇರುತ್ತಿದ್ದರು. ತಂದೆಯವರು ತೀರಿಕೊಂಡು ನಾಲ್ಕು ವರ್ಷವಾಯಿತು. ದಿಲ್ಲಿಗೆ ಬಾ ಎಂದು ಕರೆದಾಗಲೆಲ್ಲ ಅವರಲ್ಲಿ ಒಂದೊಂದು ಕಾರಣ ಸಿದ್ಧವಾಗಿರುತ್ತಿತ್ತು. ಒಮ್ಮೆ ಚಳಿ, ಒಮ್ಮೆ ಹಿಂದಿ ಬಾರದೆನ್ನುವುದು, ಇನ್ನೊಮ್ಮೆ ಹಸು ಗಬ್ಬವಾಗಿದೆ ಎನ್ನುವುದು. ಕೊನೆಗೆ ನಾವೊಂದು ಉಪಾಯ ಹೂಡಿದೆವು. ಅರುವತ್ತೆಂಟು ವರ್ಷವಾದರೂ ಸಮುದ್ರವನ್ನೇ ಕಾಣದ ಅವರಿಗೆ ಹಡಗಿನ ಆಸೆ ತೋರಿಸಿದೆವು. ದಸರೆಯ ರಜೆಯಲ್ಲಿ ಮುಂಬಯಿಯಿಂದ ಹೊರಟು, ಗೋವೆಯ ಮುರಗಾಂವ್ ಬಂದರನ್ನು ಮುಟ್ಟಿ, ಮತ್ತೆ ಮುಂಬಯಿಗೇ ಬರುವುದು. ಅಲ್ಲಿಂದ ವಿಮಾನದಲ್ಲಿ ದಿಲ್ಲಿಗೆ.

"ನಾಲ್ಕು ತಿಂಗಳಿದ್ದು ಬಂದುಬಿಡ್ತೀನಿ ಕಣಪ್ಪ" ಎಂದರು.

"ಹಾಗೇ ಆಗಲಮ್ಮ" ಎಂದೆವು.

ಈ "ಹಾಗೇ ಆಗಲಿ" ಎಂಬುದನ್ನು ವಾಚಕರು ದಯಮಾಡಿ ನೆನಪಿನಲ್ಲಿಡಬೇಕು. ಏಕೆಂದರೆ, ಅದನ್ನು ಹೇಳುವ ಹೊತ್ತಿಗಾಗಲೇ ಊರಿನ ಮನೆಯನ್ನು ಒಬ್ಬ ಶಾಲಾ ಮೇಷ್ಟ್ರಿಗೆ ಬಾಡಿಗೆಗೆ ಕೊಡುವುದಾಗಿ ಒಪ್ಪಿ, 10,000 ರೂಪಾಯಿ ಮುಂಗಡವನ್ನೂ ತೆಗೆದುಕೊಂಡಿದ್ದೆವು. ದಿಲ್ಲಿಗೆ ಹೋದ ಮೇಲೆ, ಅವರು ಒಗ್ಗಿಕೊಂಡ ಮೇಲೆ, ನಿಧಾನವಾಗಿ ಹೇಳಿದರಾಯಿತೆಂದು ನಮ್ಮ ಲೆಕ್ಕ.

ಊರಿನಿಂದ ಮುಂಬಯಿಗೆ ಅವರನ್ನು ರೈಲಿನಲ್ಲಿ ಕರೆತಂದೆವು. ಅವರ ಜೊತೆಗೆ ನಾಲ್ಕು ಗಂಟುಗಳೂ ಬಂದವು. ರೈಲಿನಲ್ಲಿ ಗಂಟಿನೊಳಗೇನಿದೆಯೆಂದು ನಮ್ಮನ್ನು ಯಾರೂ ಕೇಳಲಿಲ್ಲ, ಯಾರೂ ತೂಗಲಿಲ್ಲ. ಗಂಟುಗಳನ್ನು ಮಾಟುಂಗದಲ್ಲಿರುವ ಚಿಕ್ಕಪ್ಪನ ಮಗನ ಮನೆಯಲ್ಲಿರಿಸಿ, ಎರಡೇ ಪೆಟ್ಟಿಗೆಗಳೊಡನೆ ಹಡಗನ್ನೇರಿದೆವು.

ಹಡಗಿನ ಮೇಲೆ ತಾಯಿಯವರು ಕಟಕಟೆ ಹಿಡಿದು ನಿಂತು ಎಡಗಡೆಯ ದಡವನ್ನೇ ನೋಡುತ್ತಿದ್ದರು. "ನಮ್ಮೂರು ಯಾವ ಕಡೆಗೆ ಬರುತ್ತೆ?" ಎಂದು ಎರಡು ಸಲ ಕೇಳಿದರು. ಹಿಂದೆ ನಮ್ಮ ದಕ್ಷಿಣ ಕನ್ನಡದ ಎಷ್ಟೋ ಮಂದಿ ಹೊಟ್ಟೆಪಾಡಿಗಾಗಿ ಮುಂಬಯಿಗೆ ಬಂದದ್ದು ಇದೇ ನೀರಿನ ದಾರಿಯಲ್ಲಿ. ಕೊಂಕಣ ರೈಲು ಉದ್ದಕ್ಕೂ ಓಡತೊಡಗಿದ್ದು 1998ರಲ್ಲಷ್ಟೆ. ಇದನ್ನು ಹೇಳಿದಾಗ ತಾಯಿಯವರು, "ಅವರು ಗಂಟು ಕಟ್ಟಿಕೊಂಡು ಬಂದ್ರು, ನಾವು ಗಂಟು ಬಿಟ್ಟು ಬಂದಿದೀವಿ" ಎಂದು ನಕ್ಕರು.

ನಮ್ಮ ತೊಡಕು ಆರಂಭವಾದದ್ದು ಹಡಗಿನ ಕೊನೆಯ ರಾತ್ರಿ. ಹಡಗು ದಡ ಸೇರುವ ಹಿಂದಿನ ರಾತ್ರಿಯೇ ಪೆಟ್ಟಿಗೆಗಳಿಗೆ ಬಣ್ಣದ ಚೀಟಿ ಕಟ್ಟಿ ಕೋಣೆಯ ಹೊರಗಿಡಬೇಕು. ಮರುದಿನ ಅವು ಬಂದರಿನ ಕಟ್ಟಡದಲ್ಲಿ ಸಿಗುತ್ತವೆ. ಎಲ್ಲವನ್ನೂ ಅಚ್ಚುಕಟ್ಟಾಗಿ ಮಾಡುವ ಉತ್ಸಾಹದಲ್ಲಿ ನಾವು ಐದೂ ಜನರ ಗುರುತಿನ ಚೀಟಿಗಳನ್ನು ಪೆಟ್ಟಿಗೆಯ ತಳದಲ್ಲಿಟ್ಟು ಬೀಗ ಹಾಕಿ ಹೊರಗಿಟ್ಟುಬಿಟ್ಟೆವು. ಬೆಳಿಗ್ಗೆ ಇನ್ನೂರು ಪೆಟ್ಟಿಗೆಗಳ ನಡುವೆ ಅದನ್ನು ಹುಡುಕಿದ ಪಾಡನ್ನು ನಮ್ಮ ಶ್ರೀಮತಿಯವರಿಂದ ಕೇಳಿದರೇ ಚೆನ್ನ.

ಎರಡನೆಯದು ಆಸನಗಳ ತೊಡಕು. ವಿಮಾನ ಹೊರಡುವುದಕ್ಕೆ 48 ಗಂಟೆ ಮೊದಲು, ಮನೆಯಲ್ಲೇ ಕುಳಿತು ಮೊಬೈಲಿನಲ್ಲಿ ಚೆಕ್-ಇನ್ ಮಾಡಿ ಆಸನ ಹಿಡಿಯಬಹುದು. ನಮ್ಮ 48ನೆಯ ಗಂಟೆ ಬಂದಾಗ ನಾವು ನಡುನೀರಿನಲ್ಲಿದ್ದೆವು. ಫೋನಿಗೆ ಸಿಗ್ನಲ್ ಇರಲಿಲ್ಲ. ಹಡಗಿನವರ ಇಂಟರ್‌ನೆಟ್ಟಿಗೆ ಬೇರೆ ಹಣ ತೆರಬೇಕಾಗಿತ್ತು. ಅಷ್ಟಕ್ಕೆ ಅಷ್ಟು ಹಣವೇ ಎಂದು ನಾವು ಕೈ ಬಿಗಿಹಿಡಿದೆವು. ಮುಂಬಯಿಯ ದೀಪಗಳು ಕಾಣುವ ಹೊತ್ತಿಗೆ ಸಿಗ್ನಲ್ಲೂ ಬಂತು. ಆದರೆ ಉಳಿದಿದ್ದ ಆಸನಗಳು ಅಲ್ಲೊಂದು ಇಲ್ಲೊಂದು. ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ ತಂದೆ ಅಥವಾ ತಾಯಿಯ ಪಕ್ಕದಲ್ಲಿಯೇ ಆಸನ ಕೊಡಬೇಕೆಂದು 2024ರ ಏಪ್ರಿಲಿನಲ್ಲಿ ಸರ್ಕಾರದ ಆಜ್ಞೆಯಾಗಿದೆ. ಮಗನ ಪಕ್ಕದಲ್ಲಿ ತಾಯಿಗೆ ಆಸನ ಕೊಡಬೇಕೆಂಬ ಆಜ್ಞೆ ಮಾತ್ರ ಆಗಿಲ್ಲ. ಕೌಂಟರಿನಲ್ಲೇ ಕೇಳಿಕೊಳ್ಳೋಣವೆಂದು ಸುಮ್ಮನಾದೆವು.

ಬಲ್ಲಾರ್ಡ್ ಪಿಯರಿನಿಂದ ಸಹಾರಿನ ನಿಲ್ದಾಣಕ್ಕೆ ಸುಮಾರು 25 ಕಿಲೋಮೀಟರು. ನಮ್ಮ ವಿಮಾನ ಎರಡೂವರೆ ಗಂಟೆಗೆ. ಒಳನಾಡಿನ ವಿಮಾನಕ್ಕೆ ಒಂದು ಗಂಟೆ ಮೊದಲೇ, ಎಂದರೆ ಒಂದೂವರೆಗೇ, ಕೌಂಟರು ಮುಚ್ಚುತ್ತದೆ. ಪೆಟ್ಟಿಗೆ ಹುಡುಕಿ, ಮುಂಬಯಿಯ ವಾಹನಗಳ ಸಾಲಿನಲ್ಲಿ ತೆವಳಿ, ನಿಲ್ದಾಣ ಮುಟ್ಟಿದಾಗ ಹನ್ನೆರಡೂವರೆ ದಾಟಿತ್ತು. ಚಿಕ್ಕಪ್ಪನ ಮಗ ನಾಲ್ಕು ಗಂಟುಗಳೊಡನೆ ಬಾಗಿಲಲ್ಲಿ ಕಾಯುತ್ತಿದ್ದ. ಟಿಕೆಟ್ಟಿಲ್ಲದವರನ್ನು ಒಳಗೆ ಬಿಡುವುದಿಲ್ಲ. "ನಿಮ್ಮ ಸಾಮಾನು ಒಳಗೆ ಹೋಗೋವರೆಗೂ ನಾನಿಲ್ಲೇ ಇರ್ತೀನಣ್ಣ" ಎಂದು ಗಾಜಿನಾಚೆ ನಿಂತುಕೊಂಡ. ಈ ಮಾತಿನ ಬೆಲೆ ನಮಗೆ ಆಗ ತಿಳಿದಿರಲಿಲ್ಲ.

ಕೌಂಟರಿನ ಹುಡುಗಿ ನಗುಮುಖದವಳು. ತಲೆಗೆ 15 ಕಿಲೋ ಲೆಕ್ಕದಲ್ಲಿ ಐವರಿಗೆ 75 ಕಿಲೋ; ನಮ್ಮದು 68 ತೂಗಿತು. ನಾವು ಪರೀಕ್ಷೆಯಲ್ಲಿ ಪಾಸಾದವರಂತೆ ಎದೆಯುಬ್ಬಿಸಿದೆವು. ಆಗ ಆಕೆ ಹಿಂದಿಯಲ್ಲಿ ಕೇಳಿದಳು: "ಈ ಸಾಮಾನನ್ನು ನೀವೇ ಕಟ್ಟಿದ್ದೇ? ಪವರ್ ಬ್ಯಾಂಕ್, ಲೈಟರು, ಸೂಖಾ ನಾರಿಯಲ್ ಇವೆಯೇ?"

"ಇಲ್ಲ" ಎಂದೆವು ನಾವು, ಥಟ್ಟನೆ.

"ಏನಂತೆ ಆ ಹುಡುಗಿ?" ಎಂದರು ತಾಯಿಯವರು. ಒಂಬತ್ತು ವರ್ಷದ ನಮ್ಮ ಮಗಳು, "ಗಂಟಿನಲ್ಲಿ ಒಣ ಕೊಬ್ಬರಿ ಇದೆಯಾ ಅಂತ ಕೇಳ್ತಿದಾರೆ ಅಜ್ಜಿ" ಎಂದಳು.

ತಾಯಿಯವರ ಮುಖ ಅರಳಿತು. ಮೂರು ದಿನಗಳಲ್ಲಿ ಅವರ ವಿಷಯವನ್ನು ವಿಚಾರಿಸಿದವಳು ಈಕೆಯೊಬ್ಬಳೇ. "ಇದೆ ಕಣಮ್ಮ, ನಲವತ್ತಿದೆ. ನಮ್ಮ ಅಟ್ಟದ್ದೇ. ನಿನಗೂ ಎರಡು ಕೊಡ್ತೀನಿ ತಾಳು" ಎಂದು ಗಂಟಿಗೆ ಕೈ ಹಾಕಿದರು. ಮಗಳು ಅದನ್ನೂ ಅಕ್ಷರ ಬಿಡದೆ ಹಿಂದಿಯಲ್ಲಿ ಹೇಳಿದಳು.

ತಿಪಟೂರಿನ ಸೀಮೆಯ ವಾಚಕರಿಗೆ ಉಂಡೆ ಕೊಬ್ಬರಿಯ ವಿಚಾರ ಹೇಳಬೇಕಾಗಿಲ್ಲ. ಬಲಿತ ಕಾಯನ್ನು ಸಿಪ್ಪೆಯ ಸಮೇತ ಅಟ್ಟಕ್ಕೆ ಹಾಕಿ ಹೆಚ್ಚು ಕಡಿಮೆ ಒಂದು ವರ್ಷ ಬಿಡುತ್ತಾರೆ. ಒಳಗಿನ ನೀರು ತಾನೇ ಇಂಗಿ, ಕೊಬ್ಬರಿ ಕರಟದಿಂದ ಬಿಟ್ಟುಕೊಂಡು, ಅಲ್ಲಾಡಿಸಿದರೆ ಗಡಗಡ ಎನ್ನುತ್ತದೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಎಣ್ಣೆಯೇ. ತೇವ ಹಿಡಿದ ಕೊಬ್ಬರಿ ರಾಶಿಯಲ್ಲಿ ತಾನೇ ಕಾವೇರಿ ಹೊತ್ತಿಕೊಳ್ಳಬಹುದೆಂದು, ಅಪಾಯದ ಸಾಮಾನುಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಅದಕ್ಕೆ 1363 ಎಂಬ ಸಂಖ್ಯೆಯನ್ನೇ ಕೊಟ್ಟಿದ್ದಾರೆ. ನಮ್ಮ ದೇಶದಲ್ಲಿ 2022ರಲ್ಲಿ ಇದನ್ನು ವಿಮಾನದ ಹೊಟ್ಟೆಗೆ ಹೋಗುವ ಸಾಮಾನಿನಲ್ಲಿಡಕೂಡದೆಂದು ನಿಷೇಧಿಸಿದರು. 2024ರಲ್ಲಿ ಶಬರಿಮಲೆಯ ಯಾತ್ರಿಕರಿಗೆ ಇರುಮುಡಿಯ ತೆಂಗಿನಕಾಯನ್ನು ಕೈಯಲ್ಲಿ ಒಯ್ಯಲು ಆ ಋತುವಿನ ಮಟ್ಟಿಗೆ ವಿನಾಯಿತಿ ಸಿಕ್ಕಿತು. ಮಗನ ಮನೆಗೆ ಹೋಗುವ ತಾಯಂದಿರಿಗೆ ಅಂಥ ವಿನಾಯಿತಿ ಇಲ್ಲ.

"ವರ್ಷವಿಡೀ ನಮ್ಮ ತಲೆ ಮೇಲಿನ ಅಟ್ಟದಲ್ಲಿ ಇದ್ದದ್ದು. ಒಂದು ದಿನ ಹೊತ್ತಿಕೊಳ್ಳಲಿಲ್ಲ. ಇಲ್ಲಿ ಹೊತ್ತಿಕೊಳ್ಳುತ್ತಾ?" ಎಂದರು ತಾಯಿಯವರು.

ನಾವು ಸರ್ಕಾರಿ ಗುಮಾಸ್ತರು. ವಾರಕ್ಕೈದು ದಿನ ಕೌಂಟರಿನ ಒಳಬದಿಯಲ್ಲಿ ಕುಳಿತು "ನಿಯಮದಲ್ಲಿ ಅವಕಾಶವಿಲ್ಲ" ಎನ್ನುವ ಕೆಲಸ ನಮ್ಮದು. ಹೊರಬದಿಯಲ್ಲಿ ನಿಂತು ಅದನ್ನು ಕೇಳುವುದು ಹೇಗಿರುತ್ತದೆಂದು ಅಂದು ತಿಳಿಯಿತು. ಆದರೆ ಆ ಹುಡುಗಿ ನಮಗಿಂತ ಒಳ್ಳೆಯ ಗುಮಾಸ್ತೆ. ಸಿಡುಕಲಿಲ್ಲ. ಗಡಿಯಾರ ನೋಡಿ, "ಇನ್ನು ಅರ್ಧ ಗಂಟೆ ಇದೆ, ಹೊರಗೆ ನಿಮ್ಮವರು ಯಾರಾದರೂ ಇದ್ದರೆ ಕೊಟ್ಟು ಬನ್ನಿ" ಎಂದು ಒಬ್ಬ ಹುಡುಗನನ್ನು ಬಾಗಿಲವರೆಗೆ ಜೊತೆಮಾಡಿ ಕಳುಹಿಸಿದಳು.

ನಿಲ್ದಾಣದ ನೆಲದ ಮೇಲೆ ಗಂಟು ಬಿಚ್ಚಿದೆವು. ಕೊಬ್ಬರಿಯನ್ನು ಒಂದೊಂದಾಗಿ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿಟ್ಟಿದ್ದರು. ನಲವತ್ತನ್ನೂ ಹೊರಗೆ ತೆಗೆದು ಚೀಲಕ್ಕೆ ತುಂಬಿದೆವು. ಬಾಗಿಲಲ್ಲಿ ಚೀಲವನ್ನು ತೆಗೆದುಕೊಂಡ ಚಿಕ್ಕಪ್ಪನ ಮಗ, "ದೊಡ್ಡಮ್ಮ ವಾಪಸ್ ಹೋಗುವಾಗ ಇಲ್ಲೇ ಇಳೀಲಿ, ಅಲ್ಲಿವರೆಗೆ ಮುಟ್ಟೋದಿಲ್ಲ" ಎಂದ. ನಮಗೆ ಉತ್ತರ ಹೊರಡಲಿಲ್ಲ.

ಹಿಂದಿರುಗಿ ಬಂದಾಗ ತಾಯಿಯವರು ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಹಿಡಿದು ಮೊಮ್ಮಗಳಿಂದ ಓದಿಸುತ್ತಿದ್ದರು.

"ಮುಂಬಯಿಯಿಂದ ದಿಲ್ಲಿಗೆ ಅಂತಿದೆ ಅಜ್ಜಿ."

"ದಿಲ್ಲಿಯಿಂದ?"

"ಅಷ್ಟೇ. ಮುಂದೆ ಇಲ್ಲ."

ತಾಯಿಯವರು ನಮ್ಮ ಕಡೆ ತಿರುಗಿದರು. "ಹಡಗಿಗೆ ಹೋಗೋದು ಬರೋದು ಎರಡೂ ಮಾಡಿಸಿದ್ದೆ. ಇದಕ್ಕೆ ಬರೋದು ಎಲ್ಲೋ?"

ಸಾಮಾನನ್ನು ನೀವೇ ಕಟ್ಟಿದ್ದೇ, ಒಳಗೇನಾದರೂ ಇದೆಯೇ ಎಂದು ಸ್ವಲ್ಪ ಹೊತ್ತಿನ ಮುಂಚೆ ಕೇಳಿದಾಗ ನಾವು ಇಲ್ಲವೆಂದಿದ್ದೆವು. ನಿಜವಾಗಿ ಬಚ್ಚಿಟ್ಟ ಗಂಟು ನಮ್ಮದೇ. ನಿರೀಕ್ಷಣಾಲಯದ ಕುರ್ಚಿಯಲ್ಲಿ ಕುಳಿತ ಮೇಲೆ ಎಲ್ಲವನ್ನೂ ಹೇಳಿಬಿಟ್ಟೆವು: ಮೇಷ್ಟ್ರು, ಬಾಡಿಗೆ, ಮುಂಗಡ. ಶ್ರೀಮತಿಯವರಿಗೂ ಇದು ಹೊಸ ಸುದ್ದಿ. ಅವರು ನಮ್ಮನ್ನು ನೋಡಿದ ನೋಟವನ್ನು ಇಲ್ಲಿ ಬರೆಯುವಂತಿಲ್ಲ.

ತಾಯಿಯವರು ಕೋಪಿಸಿಕೊಳ್ಳುವರೆಂದು ಕಾದೆವು. ಬಹಳ ಹೊತ್ತು ಅವರು ಗಾಜಿನಾಚೆಯ ವಿಮಾನಗಳನ್ನು ನೋಡುತ್ತಿದ್ದರು. ಆಮೇಲೆ, "ಮೇಷ್ಟ್ರು ಒಳ್ಳೆಯವರೇ ಇರಬಹುದು. ಆದರೆ ಈ ವರ್ಷದ ಕಾಯಿ ಅಟ್ಟದಲ್ಲಿದೆಯಲ್ಲೋ. ಅದನ್ನ ಇಳಿಸೋರು ಯಾರು?" ಎಂದರು.

"ನೀವೇ ಇಳಿಸಬೇಕು ಅತ್ತೆ" ಎಂದು ಶ್ರೀಮತಿಯವರು ನಮಗಿಂತ ಮೊದಲೇ ಹೇಳಿದರು. "ಯುಗಾದಿಗೆ ಊರಲ್ಲಿರ್ತೀರಿ. ನಾನೇ ಕರೆದುಕೊಂಡು ಹೋಗ್ತೀನಿ."

ಆಸನದ ವಿಚಾರ ಹೇಳಲು ಮರೆತೆವು. ಕೊಬ್ಬರಿಯ ಗಡಿಬಿಡಿಯಲ್ಲಿ ಅದನ್ನು ಕೇಳಿಕೊಳ್ಳುವುದೂ ನಮಗೆ ನೆನಪಾಗಿರಲಿಲ್ಲ. ಆದರೂ ಪಾಸು ತೆಗೆದು ನೋಡಿದರೆ ತಾಯಿಯವರಿಗೆ ಕಿಟಕಿಯ ಆಸನ, ಪಕ್ಕದಲ್ಲಿ ನಾವು. ಎರಡು ಕೊಬ್ಬರಿ ಕೊಡುವೆನೆಂದವರಿಗೆ ಆ ಹುಡುಗಿ ಮಾಡಿದ ಉಪಕಾರವಿದು.

ಹಡಗಿಳಿದು ವಿಮಾನವೇರುವ ಬಾಂಧವರಿಗೆ ನಮ್ಮ ಅನುಭವದಿಂದ ನಾಲ್ಕು ಮಾತು. ಗುರುತಿನ ಚೀಟಿ ಮೈಮೇಲೆಯೇ ಇರಲಿ. ಪವರ್ ಬ್ಯಾಂಕ್ ಕೈಚೀಲದಲ್ಲಿರಲಿ, ಪೆಟ್ಟಿಗೆಯಲ್ಲಿ ಬೇಡ. ಸಹಾರಿನ ನಿಲ್ದಾಣವೇ, ಸಾಂತಾಕ್ರೂಜಿನ ಕಡೆಯದೇ, ಇಲ್ಲವೆ 2025ರ ಅಕ್ಟೋಬರಿನಲ್ಲಿ ಉದ್ಘಾಟನೆಯಾದ ನವಿ ಮುಂಬಯಿಯದೇ ಎಂದು ಟಿಕೆಟ್ಟನ್ನು ಎರಡು ಸಲ ಓದಿರಿ. ಹಡಗು ದಡ ಸೇರುವ ದಿನ ಸಾಯಂಕಾಲದ ವಿಮಾನವನ್ನೇ ಹಿಡಿಯಿರಿ. ಐದನೆಯ ಮಾತೂ ಒಂದಿದೆ: ಹಿರಿಯರನ್ನು ಕರೆತರುವಾಗ ಮರಳುವ ಟಿಕೆಟ್ಟನ್ನೂ ಕೂಡಿಯೇ ಕೊಳ್ಳಿರಿ. ಅದನ್ನು ಅವರ ಕೈಗೇ ಕೊಡಿರಿ. ಉಳಿಯುವುದು ಬಿಡುವುದು ಅವರ ಇಷ್ಟವಾಗಲಿ.

ಮುಂಗಡದ ಹಣವನ್ನು ಮೇಷ್ಟ್ರಿಗೆ ಹಿಂದಿರುಗಿಸಿದ್ದಾಯಿತು. ರೈಲಿನ ಟಿಕೆಟ್ಟು 60 ದಿನ ಮೊದಲೇ ಸಿಗುವುದರಿಂದ ದಿನಾಂಕವನ್ನು ಗೋಡೆಯ ಪಂಚಾಂಗದಲ್ಲಿ ಗುರುತು ಮಾಡಿಟ್ಟಿದ್ದೇವೆ. ತಾಯಿಯವರು ಪ್ರತಿದಿನ ಬೆಳಿಗ್ಗೆ ಅದನ್ನೊಮ್ಮೆ ನೋಡಿ ಕಾಫಿಗೆ ಕೂರುತ್ತಾರೆ.

ಕಳೆದ ಭಾನುವಾರ ಅವರನ್ನು ಹಳೆಯ ದಿಲ್ಲಿಯ ಖಾರಿ ಬಾವಲಿಯ ಪೇಟೆಗೆ ಕರೆದೊಯ್ದಿದ್ದೆವು. ಒಂದು ಅಂಗಡಿಯಲ್ಲಿ ಉಂಡೆ ಕೊಬ್ಬರಿಯ ಮೂಟೆಗಳು ಆಳೆತ್ತರಕ್ಕಿದ್ದವು. ಎಲ್ಲಿಯದೆಂದು ಮಗಳಿಂದ ಕೇಳಿಸಿದರು. "ಟಿಪ್ಟೂರ್" ಎಂದ ಅಂಗಡಿಯವನು. ತಾಯಿಯವರು ಒಂದನ್ನೆತ್ತಿ ಮೂಸಿ ನೋಡಿ, ಬೆಲೆ ಕೇಳಿ, ಇದ್ದಲ್ಲೇ ಇಟ್ಟುಬಿಟ್ಟರು.

"ಮಾಟುಂಗದಲ್ಲಿ ನಲವತ್ತು ಇದೆಯಲ್ಲ, ದುಡ್ಡು ಯಾಕೆ ದಂಡ?" ಎಂದರು.