ಶಂಟಿಂಗ್ ಎಂಜಿನ್ನಿನ ಋಣ

ಮದುವೆಯ ಊಟ ಉಂಡವರು ಬಡಿಸಿದವರನ್ನು ಹೊಗಳುತ್ತಾರೆ. ಹಿತ್ತಲಲ್ಲಿ ಒಲೆ ಊದಿದವರನ್ನು ಕೇಳುವವರು ವಿರಳ. ರೈಲ್ವೆಯ ವಿಷಯದಲ್ಲಿಯೂ ಹೀಗೆಯೇ ಆಗಿದೆ. ಮೇಲ್ ಗಾಡಿಯನ್ನೆಳೆದ ದೊಡ್ಡ ಎಂಜಿನ್ನಿನ ಚಿತ್ರ ಎಲ್ಲರ ಕಣ್ಣಲ್ಲಿದೆ. ಡಬ್ಬಿಗೆ ಡಬ್ಬಿ ಕೂಡಿಸಿ ಗಾಡಿಯನ್ನು ಸಿದ್ಧಪಡಿಸಿಕೊಟ್ಟ ಯಾರ್ಡಿನ ಸಣ್ಣ ಉಗಿ ಎಂಜಿನ್ನನ್ನು ಮಾತ್ರ ನೆನೆಯುವವರಿಲ್ಲ. ಹುಬ್ಬಳ್ಳಿ-ಧಾರವಾಡದವರಾದ ನಮಗೆ ಈ ಮರೆವು ಶೋಭಿಸದೆಂಬುದು ನನ್ನ ಅಭಿಪ್ರಾಯ.

ಹುಬ್ಬಳ್ಳಿ ರೈಲ್ವೆಯಿಂದ ಬೆಳೆದ ಊರು. 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಸ್ಥಾಪನೆಯಾಯಿತು. 1885ರಲ್ಲಿ ಇಲ್ಲಿ ಕಾರ್ಖಾನೆ ಹುಟ್ಟಿತು. ಗದಗ, ಲೋಂಡಾ, ಹರಿಹರಗಳ ಕಡೆಯ ಮೀಟರ್ ಗೇಜ್ ಹಳಿಗಳು ಇಲ್ಲಿ ಕೂಡಿದವು. ಹಳಿ ಕೂಡಿದಲ್ಲಿ ಡಬ್ಬಿಗಳನ್ನು ಬೇರ್ಪಡಿಸುವ ಕೆಲಸ ಇರಲೇಬೇಕಷ್ಟೆ. ಬಂದ ಮಾಲುಗಾಡಿಯಲ್ಲಿ ಒಂದು ಡಬ್ಬಿ ಲೋಂಡಾ ಕಡೆಗೆ, ಇನ್ನೊಂದು ಹರಿಹರದ ಕಡೆಗೆ, ಮತ್ತೊಂದು ಇಲ್ಲಿಯೇ ಇಳಿಸತಕ್ಕದ್ದು. ಇವನ್ನು ಬಿಡಿಸಿ, ಬೇರೆ ಬೇರೆ ಹಳಿಗೆ ನೂಕಿ, ಮತ್ತೆ ಕ್ರಮವಾಗಿ ಜೋಡಿಸುವುದೇ ಶಂಟಿಂಗ್.

ಈ ಕೆಲಸಕ್ಕೆ ಓಟ ಬೇಡ, ಬಲ ಬೇಕು. ಗಾಲಿ ಚಿಕ್ಕದಾದಷ್ಟೂ ಅದೇ ಉಗಿಯ ಒತ್ತಡಕ್ಕೆ ಎಳೆತ ಹೆಚ್ಚು, ವೇಗ ಕಡಿಮೆ. ಇದಕ್ಕೆಂದೇ ಕಟ್ಟಿದ ಟ್ಯಾಂಕ್ ಎಂಜಿನ್ನು ನೀರು, ಕಲ್ಲಿದ್ದಲುಗಳನ್ನು ತನ್ನ ಮೈಮೇಲೆಯೇ ಹೊರುತ್ತಿತ್ತು. ಆ ಭಾರದಿಂದ ಗಾಲಿಗೆ ಹಿಡಿತ ಸಿಗುತ್ತಿತ್ತು. ಹಿಂದೆ ಟೆಂಡರ್ ಇಲ್ಲದ್ದರಿಂದ ಹಿಂದಕ್ಕೂ ಮುಂದಕ್ಕೂ ಸಲೀಸಾಗಿ ಓಡುತ್ತಿತ್ತು. ಮುಖ್ಯ ಮಾರ್ಗದಲ್ಲಿ ದುಡಿದು ಹಳತಾದ ಎಂಜಿನ್ನುಗಳಿಗೂ ಅನೇಕ ಕಡೆ ಇದೇ ಕೊನೆಯ ಉದ್ಯೋಗವಾಗುತ್ತಿತ್ತು.

ಆದರೆ ಎಂಜಿನ್ನು ತಾನಾಗಿ ಏನೂ ಮಾಡಲಾರದು. ಹಗಲು ಬಾವುಟ, ಇರುಳು ಕೈದೀಪ. ಅವುಗಳ ಸನ್ನೆಯನ್ನೇ ನಂಬಿ ಡ್ರೈವರನು ಗೇಣು ಗೇಣಾಗಿ ಸರಿಯಬೇಕು. ಡಬ್ಬಿಗಳ ನಡುವೆ ನುಸುಳಿ ಕೊಂಡಿ ಹಾಕುವವನ ಜೀವ ಆ ಗೇಣಿನಲ್ಲಿಯೇ ಇರುತ್ತಿತ್ತು.

"ಹೊಗೆ, ಮಸಿ, ಬೆಂಕಿಯ ಝಳ ಹೋದದ್ದೇ ಒಳ್ಳೆಯದಲ್ಲವೇ?" ಎಂದು ಕೇಳಬಹುದು. ನಿಜ; ಡೀಸೆಲ್ ಬಂದು ಆ ಕಷ್ಟ ತಗ್ಗಿತು. 1980ರ ದಶಕದಿಂದ ಇಡೀ ಗಾಡಿಯನ್ನೇ ಒಂದೆಡೆಗೆ ಕಳಿಸುವ ಪದ್ಧತಿ ಬಲಗೊಂಡು, ಬಿಡಿ ಡಬ್ಬಿಗಳ ಶಂಟಿಂಗೂ ಕಡಿಮೆಯಾಯಿತು. 1990ರ ದಶಕದಲ್ಲಿ ಇಲ್ಲಿಯ ಮುಖ್ಯ ಮಾರ್ಗಗಳು ಬ್ರಾಡ್ ಗೇಜ್ ಆದವು. ಹಳೆಯದು ಮರಳಲೆಂದು ನಾನು ಹೇಳುವುದಿಲ್ಲ.

2020ರಲ್ಲಿ ಹುಬ್ಬಳ್ಳಿಯಲ್ಲಿ ರೈಲ್ವೆ ವಸ್ತುಸಂಗ್ರಹಾಲಯ ತೆರೆಯಿತು. 2023ರಲ್ಲಿ 1,507 ಮೀಟರು ಉದ್ದದ ಪ್ಲಾಟ್‌ಫಾರ್ಮ್ ಉದ್ಘಾಟನೆಯಾಯಿತು. ಇವು ಹೆಮ್ಮೆಯ ಸಂಗತಿಗಳೇ. ಆದರೆ ಕಬ್ಬಿಣವನ್ನು ಕಟ್ಟಡದಲ್ಲಿ ಕಾಯ್ದಿಡಬಹುದು. ಕೈಯ ಕಸುಬನ್ನು ಹಾಗೆ ಇಡಲಾಗದು. ಅದು ಮಾಡಿದವರ ಬಾಯಲ್ಲಿ ಮಾತ್ರ ಇದೆ, ಅವರಿಗೋ ವಯಸ್ಸಾಗಿದೆ. ಇತಿಹಾಸ, ಕನ್ನಡ ಓದುವ ವಿದ್ಯಾರ್ಥಿ ಮಿತ್ರರು ರಜೆಯಲ್ಲಿ ಇಂಥ ಒಬ್ಬೊಬ್ಬ ಹಿರಿಯರ ಮನೆಗೆ ಹೋಗಿ, ಅವರ ಕೆಲಸದ ಮಾತುಗಳನ್ನು ಅವರ ನುಡಿಯಲ್ಲಿಯೇ ಬರೆದುಕೊಳ್ಳಲಿ. ಅರಸರ ವಂಶಾವಳಿಯನ್ನು ಬಾಯಿಪಾಠ ಮಾಡುವ ನಮಗೆ ಇದು ಭಾರವಾಗಲಾರದು.