ದ್ರವ್ಯ ಎಲ್ಲಿಂದ ಬಂತು?

ಚುನಾವಣೆ ಬಂತೆಂದು ತಿಳಿಯಲು ನಮ್ಮ ನಗರಗೆರೆಯ ಕಡೆಯವರು ಪತ್ರಿಕೆ ಬಿಡಿಸಬೇಕಾಗಿಲ್ಲ. ಅದರ ಲಕ್ಷಣಗಳು ಮಳೆಗಾಲದ ಲಕ್ಷಣಗಳಷ್ಟೇ ಸ್ಪಷ್ಟ. ಮೂರು ವರ್ಷದಿಂದ ಬಾಯಿ ತೆರೆದುಕೊಂಡಿದ್ದ ರಸ್ತೆ ಗುಂಡಿಗೆ ಎರಡು ಬುಟ್ಟಿ ಜಲ್ಲಿ ಬೀಳುತ್ತದೆ. ಕಂಡರೂ ಕಾಣದವರಂತೆ ಕಾರಿನಲ್ಲಿ ಹೋಗುತ್ತಿದ್ದವರು ಗಾಜು ಇಳಿಸಿ ಕೈ ಮುಗಿಯುತ್ತಾರೆ. ಆಂಧ್ರದ ಗಡಿ ನಮಗೆ ಹತ್ತಿರವಾದ್ದರಿಂದ ಇಲ್ಲಿ ಕನ್ನಡವೂ ಉಂಟು, ತೆಲುಗೂ ಉಂಟು. ಹಾಗಾಗಿ ಜಗುಲಿಯ ಮೇಲೆ ಕೂತ ಒಬ್ಬಳೇ ಮುದುಕಿ ಬೆಳಿಗ್ಗೆ ಬಂದವರಿಗೆ 'ಅಜ್ಜಿ', ಸಂಜೆ ಬಂದವರಿಗೆ 'ಅವ್ವ'. ಐದು ವರ್ಷ ಯಾರೂ ತಿರುಗಿ ನೋಡದಿದ್ದವಳಿಗೆ ಹದಿನೈದೇ ದಿನದಲ್ಲಿ ನೂರಾರು ಮೊಮ್ಮಕ್ಕಳು!

ನಮ್ಮಂಥ ಮೇಷ್ಟರಿಗೂ ಚುನಾವಣೆಗೂ ಬಿಡಿಸಲಾಗದ ನಂಟು. ಮದುವೆಗೆ ವಾಲಗದವರು ಹೇಗೋ, ಎಲೆಕ್ಷನ್ನಿಗೆ ಮೇಷ್ಟರು ಹಾಗೆ. ತರಬೇತಿ, ಹಿಂದಿನ ದಿನ ಸಾಮಾನು ಎಣಿಸಿ ಪಡೆಯುವುದು, ಬಸ್ಸಿನಲ್ಲಿ ಪೆಟ್ಟಿಗೆಯನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಯಾವುದೋ ಊರಿನ ಶಾಲೆ ಸೇರುವುದು, ರಾತ್ರಿಯೆಲ್ಲ ಸೊಳ್ಳೆಗಳ ಸೇವೆ ಮಾಡುವುದು. ಬೆಳಿಗ್ಗೆ ಏಜೆಂಟರ ಎದುರು ಕನಿಷ್ಠ 50 ಅಣಕು ಓಟು ಹಾಕಿ, ಯಂತ್ರ ಸರಿಯಿದೆಯೆಂದು ತೋರಿಸಿ, ಆಮೇಲೆ ಅದನ್ನು ಅಳಿಸಿ ನಿಜವಾದ ಮತದಾನ ಶುರು ಮಾಡಬೇಕು. ಓಟು ಹಾಕಿದವರಿಗೆ ಗುರುತಿನ ಚೀಟಿ ಗಾಜಿನ ಹಿಂದೆ 7 ಸೆಕೆಂಡು ಕಾಣಿಸಿ ಪೆಟ್ಟಿಗೆಯೊಳಗೆ ಬೀಳುತ್ತದೆ. ಪರೀಕ್ಷೆಯಲ್ಲಿ ನಾವು ಹುಡುಗರ ಮೇಲೆ ಇಷ್ಟು ಕಾವಲು ಇಟ್ಟಿದ್ದರೆ ಫಲಿತಾಂಶ ಏನಾಗುತ್ತಿತ್ತೋ!

ಬೆರಳಿಗೆ ಹಚ್ಚುವ ಶಾಯಿಯಂತೂ ವಿಜ್ಞಾನದ ಮೇಷ್ಟರಿಗೆ ಹೆಮ್ಮೆಯ ವಸ್ತು. ಅದರಲ್ಲಿರುವುದು ಸಿಲ್ವರ್ ನೈಟ್ರೇಟ್. ಚರ್ಮಕ್ಕೆ ತಾಗಿ, ಬೆಳಕು ಬಿದ್ದೊಡನೆ ಕಪ್ಪಾಗುತ್ತದೆ. ಸೋಪಿಗೆ ಜಗ್ಗುವುದಿಲ್ಲ, ಉಗುರಿನ ಮೇಲಿನ ಗುರುತು ಉಗುರು ಬೆಳೆದ ಮೇಲೆಯೇ ಹೋಗುವುದು. ಅದನ್ನು ತಯಾರಿಸುವುದು ನಮ್ಮ ಮೈಸೂರಿನಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ 1937ರಲ್ಲಿ ಆರಂಭವಾದ ಬಣ್ಣದ ಕಾರ್ಖಾನೆಯಲ್ಲಿ. 1962ರ ಚುನಾವಣೆಯಿಂದ ದೇಶದ ಬೆರಳುಗಳಿಗೆಲ್ಲ ಮೈಸೂರಿನ ಶಾಯಿ. ಒಬ್ಬನೇ ಎರಡು ಸಲ ಓಟು ಹಾಕಬಾರದೆಂದು ಈ ಏರ್ಪಾಡು. ಯಂತ್ರಕ್ಕೆ ಮೊಹರು, ಬೆರಳಿಗೆ ಶಾಯಿ, ಬಾಗಿಲಿಗೆ ಪೊಲೀಸು. ಮತಗಟ್ಟೆಯೊಳಗೆ ಇಷ್ಟೆಲ್ಲ ಭದ್ರ. ಆದರೆ ಹಿಂದಿನ ರಾತ್ರಿ ನಮ್ಮ ನಮ್ಮ ಮನೆಯ ಹಿತ್ತಿಲ ಬಾಗಿಲಿಗೆ?

ಈಗ ನಾನು ಎಲ್ಲಿಗೆ ಬಂದೆನೆಂದು ಪೋಷಕರಿಗೆ ಅರ್ಥವಾಗಿರಬೇಕು. ಕುಕ್ಕರು, ಸೀರೆ, ಬೆಳ್ಳಿ ದೀಪ, ಮಡಿಚಿದ ನೋಟು. ಯಾವ ಪಕ್ಷ, ಯಾವ ಊರು ಎಂದು ಕೇಳಬೇಡಿ. ಶೀತ ನೆಗಡಿಗೆ ಪಕ್ಷವುಂಟೆ? ರಾಜ್ಯವಿಡೀ ಹರಡಿದ ವ್ಯಾಧಿ ಇದು.

ಚುನಾವಣಾ ಆಯೋಗ ಕ್ಷೇತ್ರಗಳಿಗೆ ವೀಕ್ಷಕರನ್ನು ಕಳಿಸುತ್ತದೆ. ಖರ್ಚು ನೋಡಲೆಂದೇ ಬೇರೆ ವೀಕ್ಷಕರಿರುತ್ತಾರೆ. ಆದರೆ ಯಾರೂ ನೇಮಿಸದ, ಸಂಬಳವಿಲ್ಲದ ಒಬ್ಬ ವೀಕ್ಷಕ ಪ್ರತಿ ಮನೆಯಲ್ಲೂ ಇದ್ದಾನೆ. ರಾತ್ರಿ ಹತ್ತೂವರೆಗೆ ಬಾಗಿಲು ಮೆಲ್ಲಗೆ ಸದ್ದಾದಾಗ ಅವನು ಕಂಬಳಿಯೊಳಗೆ ಕಣ್ಣು ಮುಚ್ಚಿಕೊಂಡಿರುತ್ತಾನೆ, ಕಿವಿ ಮಾತ್ರ ತೆರೆದಿರುತ್ತದೆ. 'ಮನೇಲಿ ಎಷ್ಟು ಓಟು?' 'ನಾಲ್ಕು.' 'ಇಕೋ, ಎಣಿಸ್ಕೊಳ್ಳಿ.' ವೀಕ್ಷಕ ಒಂಬತ್ತನೆಯ ತರಗತಿಯಲ್ಲಿ ಓದುತ್ತಿರುತ್ತಾನೆ. ಮರುದಿನ ಅವನು ವರದಿಯನ್ನು ದೆಹಲಿಗೆ ಕಳಿಸುವುದಿಲ್ಲ, ತನ್ನ ಮನಸ್ಸಿಗೇ ಕಳಿಸಿಕೊಳ್ಳುತ್ತಾನೆ.

ಆ ವರದಿ ಒಮ್ಮೊಮ್ಮೆ ಮೇಷ್ಟರ ಮುಂದೆ ಬಂದು ನಿಲ್ಲುವುದುಂಟು. ಒಂಬತ್ತನೆಯ ತರಗತಿಗೆ ದ್ರವ್ಯ ಸಂರಕ್ಷಣಾ ನಿಯಮ ಪಾಠ ಮಾಡುತ್ತಿದ್ದೆ. ಹದಿನೆಂಟನೆಯ ಶತಮಾನದಲ್ಲಿ ಫ್ರಾನ್ಸಿನ ಲಾವಾಸಿಯೇ ತಕ್ಕಡಿ ಹಿಡಿದು ತೋರಿಸಿಕೊಟ್ಟ ಸತ್ಯ: ರಾಸಾಯನಿಕ ಕ್ರಿಯೆಯಲ್ಲಿ ದ್ರವ್ಯ ಹೊಸದಾಗಿ ಹುಟ್ಟುವುದೂ ಇಲ್ಲ, ನಾಶವಾಗುವುದೂ ಇಲ್ಲ. ಹಿಂದಿನ ಬೆಂಚಿನಿಂದ ಒಂದು ಕೈ ಮೇಲೆದ್ದಿತು. 'ಸಾರ್, ನಮ್ಮಜ್ಜಿ ದ್ರವ್ಯ ಅಂದ್ರೆ ದುಡ್ಡು ಅಂತಾರೆ. ಎಲೆಕ್ಷನ್ ಟೈಮಲ್ಲಿ ಅದು ಹೊಸದಾಗಿ ಹುಟ್ಟುತ್ತಲ್ಲ?' ತರಗತಿಯೆಲ್ಲ ನಕ್ಕಿತು. ನಾನೂ ನಕ್ಕೆ. ಆದರೆ ಪ್ರಶ್ನೆ ನಗುವಂಥದ್ದಾಗಿರಲಿಲ್ಲ. ಅಂದು ಪುಸ್ತಕ ಮುಚ್ಚಿ, ಕಪ್ಪು ಹಲಗೆಯ ಮೇಲೆ ಲೆಕ್ಕ ಮಾಡಿದೆವು.

ನಮ್ಮಂಥ ರಾಜ್ಯದಲ್ಲಿ ವಿಧಾನಸಭಾ ಅಭ್ಯರ್ಥಿ ಮಾಡಬಹುದಾದ ಖರ್ಚಿಗೆ 2022ರಲ್ಲಿ ನಿಗದಿಯಾದ ಮಿತಿ 40 ಲಕ್ಷ ರೂಪಾಯಿ. ಕ್ಷೇತ್ರದಲ್ಲಿ ಸುಮಾರು 2 ಲಕ್ಷ ಮತದಾರರು ಎಂದಿಟ್ಟುಕೊಳ್ಳಿ. ಭಾಗಿಸಿದರೆ ತಲೆಗೆ 20 ರೂಪಾಯಿ. ಕರಪತ್ರ, ಬಾವುಟ, ಜೀಪಿನ ಡೀಸೆಲ್, ಮೈಕು ಎಲ್ಲವೂ ಅದರಲ್ಲೇ ಆಗಬೇಕು. ನ್ಯಾಯವಾಗಿ ನಡೆದರೆ ನಮ್ಮ ಪಾಲಿಗೆ ಒಂದು ಕಾಫಿಯೂ ಹುಟ್ಟುವುದು ಕಷ್ಟ. ಇನ್ನು ತಲೆಗೆ 500ರಂತೆ ಅರ್ಧದಷ್ಟು ಮತದಾರರಿಗೆ ಹಂಚಿದರೆ? 5 ಕೋಟಿ. ಮಿತಿಯ ಹನ್ನೆರಡೂವರೆ ಪಟ್ಟು. ದ್ರವ್ಯ ಹುಟ್ಟುವುದಿಲ್ಲವೆಂದ ಮೇಲೆ ಈ 5 ಕೋಟಿ ಎಲ್ಲಿಂದಲೋ ಬಂದಿರಲೇಬೇಕು, ಎಲ್ಲಿಗೋ ವಾಪಸು ಹೋಗಲೇಬೇಕು.

ಸೌದೆ ಉರಿಸಿದರೆ ಒಂದು ಹಿಡಿ ಬೂದಿ ಉಳಿಯುತ್ತದೆ. ಮಿಕ್ಕ ತೂಕ ಎಲ್ಲಿ ಹೋಯಿತೆಂದು ಹುಡುಗರು ಕೇಳುತ್ತಾರೆ. ಹೊಗೆಯಾಗಿ, ಅನಿಲವಾಗಿ ಗಾಳಿಗೆ ಸೇರಿತು, ಕಣ್ಣಿಗೆ ಕಾಣಲಿಲ್ಲ ಅಷ್ಟೆ. ಚುನಾವಣೆಯ ದುಡ್ಡೂ ಹಾಗೆಯೇ. ಹಾಕಿದವನು ಅದನ್ನು ಧರ್ಮಕ್ಕೆ ಹಾಕಿರುವುದಿಲ್ಲ. ಅದು ಮರಳಿ ಬರುವುದು ರಸ್ತೆಯ ಡಾಂಬರು ತೆಳ್ಳಗಾಗಿ, ಶಾಲೆಯ ಚಾವಣಿ ಮೊದಲ ಮಳೆಗೇ ತೊಟ್ಟಿಕ್ಕಿ. ಮನೆಗೆ ಬಂದದ್ದು ಒಂದು ಕುಕ್ಕರು. ಅದು ಮೂರು ಸಲ ಕೂಗಿ ಸುಮ್ಮನಾಗುತ್ತದೆ. ಬಿಲ್ಲು ಮಾತ್ರ ಐದು ವರ್ಷ ಕೂಗುತ್ತಲೇ ಇರುತ್ತದೆ.

ಈ ಲೆಕ್ಕವನ್ನು ಒಬ್ಬ ಪೋಷಕರ ಮುಂದಿಟ್ಟೆ. ಅವರು ನನಗಿಂತ ಬುದ್ಧಿವಂತರು. 'ಮೇಷ್ಟ್ರೇ, ಅವ್ರೇನು ಅವರಪ್ಪನ ಮನೆಯಿಂದ ತಂದವ್ರಾ? ನಮ್ಮ ದುಡ್ಡೇ. ಇಸ್ಕೊಂಡು ನಮಗೆ ಬೇಕಾದೋರಿಗೆ ಹಾಕಿದ್ರಾಯ್ತು' ಎಂದರು. ಸಂರಕ್ಷಣಾ ನಿಯಮ ಇವರಿಗೆ ಚೆನ್ನಾಗಿಯೇ ಅರ್ಥವಾಗಿದೆ, ಈ ಭಾಗಕ್ಕೆ ಪೂರ್ತಿ ಅಂಕ ಕೊಡಲೇಬೇಕು. ಅವರ ಮಾತನ್ನು ತಳ್ಳಿಹಾಕುವುದೂ ಸುಲಭವಲ್ಲ. ಕೂಲಿಯಿಂದ ಬದುಕುವ ಮನೆಗೆ 500 ರೂಪಾಯಿ ಎಂದರೆ ಮಗುವಿನ ಔಷಧಿ, ಒಂದು ವಾರದ ತರಕಾರಿ. ತಿಂಗಳ ಸಂಬಳದ ಮೇಷ್ಟರು ಅವರಿಗೆ ನೀತಿಪಾಠ ಹೇಳಲು ಸ್ವಲ್ಪ ನಾಚಬೇಕು.

ಆದರೂ ಒಂದು ಸಂಗತಿ ಉಳಿಯುತ್ತದೆ. ಓಟು ಗುಟ್ಟಿನದು, ಇಸ್ಕೊಂಡವರು ಬೇರೆಯವರಿಗೆ ಹಾಕಬಹುದು ಎಂಬುದು ಕೊಡುವವನಿಗೂ ಗೊತ್ತಿದೆ. ಅವನೇನು ದಡ್ಡನಲ್ಲ. ಗೊತ್ತಿದ್ದೂ ಏಕೆ ಕೊಡುತ್ತಾನೆ? ನನಗನ್ನಿಸುವುದು, ಅವನು ಕೊಳ್ಳುವುದು ಓಟನ್ನಲ್ಲ, ಪ್ರಶ್ನೆಯನ್ನು. ನಾಳೆ ನಲ್ಲಿಯಲ್ಲಿ ನೀರು ಬಾರದಿದ್ದಾಗ, ಶಾಲೆಗೆ ಮೇಷ್ಟರು ಬಾರದಿದ್ದಾಗ ಎದ್ದು ನಿಂತು ಕೇಳಲು ಹೋದರೆ, 'ಅವತ್ತು ಇಸ್ಕೊಂಡಿಲ್ವಾ?' ಎಂಬ ಒಂದೇ ಮಾತಿಗೆ ನಾಲಿಗೆ ಒಳಗೆ ಹೋಗುತ್ತದೆ.

ನಮ್ಮ ಸೀಮೆಗೆ ಕೇಳಬೇಕಾದ ಪ್ರಶ್ನೆಗಳೇನೂ ಕಡಿಮೆಯಿಲ್ಲ. ಕೊಳವೆಬಾವಿ ಆಳಕ್ಕೆ ಇಳಿದಷ್ಟೂ ನೀರು ಇನ್ನೂ ಆಳಕ್ಕೆ ಓಡುತ್ತದೆ. ಬಂದ ನೀರಿನಲ್ಲಿ ಎಷ್ಟೋ ಕಡೆ ಫ್ಲೋರೈಡು. ಕೋಲಾರ, ಚಿಕ್ಕಬಳ್ಳಾಪುರದ ಬಾಯಾರಿಕೆಗೆಂದು ಎತ್ತಿನಹೊಳೆ ಯೋಜನೆಗೆ ಶಂಕುಸ್ಥಾಪನೆಯಾದದ್ದು 2014ರಲ್ಲಿ. ಮೊದಲ ಹಂತದ ಉದ್ಘಾಟನೆ ಸಕಲೇಶಪುರದ ಕಡೆ ನಡೆದದ್ದು 2024ರ ಸೆಪ್ಟೆಂಬರಿನಲ್ಲಿ. ಈ ಹತ್ತು ವರ್ಷದಲ್ಲಿ ಮೂರು ಲೋಕಸಭೆ, ಎರಡು ವಿಧಾನಸಭೆ ಚುನಾವಣೆಗಳು ಬಂದು ಹೋದವು. ಎಲ್ಲ ಭಾಷಣಗಳಲ್ಲೂ ನೀರು ಧಾರಾಳವಾಗಿ ಹರಿಯಿತು. ಕೊಡ ಹಿಡಿದ ತಾಯಂದಿರು 'ಯಾವ ತಿಂಗಳು, ಯಾವ ಕೆರೆಗೆ?' ಎಂದು ಕೇಳಬೇಕಾದರೆ ಕುಕ್ಕರಿನ ಹಂಗು ಇರಬಾರದು.

'ನನ್ನ ಒಂದು ಓಟಿನಿಂದ ಏನಾಗುತ್ತದೆ?' ಎನ್ನುವವರಿಗೆ ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿಯ ಲೆಕ್ಕ ಹೇಳಬೇಕು. 2004ರ ವಿಧಾನಸಭೆ ಚುನಾವಣೆಯಲ್ಲಿ ಅಲ್ಲಿ ಆರ್. ಧ್ರುವನಾರಾಯಣ ಅವರಿಗೆ ಬಂದ ಮತ 40,752. ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751. ಪ್ರಯೋಗಾಲಯದ ತಕ್ಕಡಿಯಲ್ಲೂ ಇಷ್ಟು ಸೂಕ್ಷ್ಮ ತೂಕ ನಾನು ಕಂಡಿಲ್ಲ. 2023ರಲ್ಲಿ ಬೆಂಗಳೂರಿನ ಜಯನಗರದಲ್ಲಿ ಸೋಲು ಗೆಲುವಿನ ಅಂತರ 16. ಒಂದು ಕೂಡು ಕುಟುಂಬ ಅಂದು ಮಧ್ಯಾಹ್ನ ಮಲಗಿದ್ದರೆ ಸಾಕಿತ್ತು!

ಕಾನೂನನ್ನೂ ಹೇಳಿಬಿಡುತ್ತೇನೆ. ಓಟಿಗಾಗಿ ಕೊಡುವುದು ಎಷ್ಟು ಅಪರಾಧವೋ ತೆಗೆದುಕೊಳ್ಳುವುದೂ ಅಷ್ಟೇ ಅಪರಾಧ. ಹಳೆಯ ದಂಡ ಸಂಹಿತೆಯಲ್ಲೂ ಇತ್ತು, 2024ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲೂ ಇದೆ: ಒಂದು ವರ್ಷದವರೆಗೆ ಸಜೆ, ಇಲ್ಲವೆ ದಂಡ, ಇಲ್ಲವೆ ಎರಡೂ. ಹೆದರಿಸಲು ಹೇಳುತ್ತಿಲ್ಲ. ಮಗ ಪರೀಕ್ಷೆಯಲ್ಲಿ ಚೀಟಿ ಇಟ್ಟುಕೊಂಡು ಸಿಕ್ಕಿಬಿದ್ದಾಗ ನಾವು ಅವನಿಗೆ ಹೇಳುವುದೂ ಇದನ್ನೇ ಅಲ್ಲವೆ? ಚೀಟಿ ಕೊಟ್ಟವನೂ ತಪ್ಪು, ತೆಗೆದುಕೊಂಡ ನೀನೂ ತಪ್ಪು ಎಂದು. ಆಗ ಅವನು ತಲೆ ತಗ್ಗಿಸಿ ನಿಂತಿರುತ್ತಾನೆ. ಆದರೆ ಆ ರಾತ್ರಿ ಕಂಬಳಿಯೊಳಗೆ ಕೇಳಿದ್ದು ಅವನ ನೆನಪಿನಲ್ಲಿರುತ್ತದೆ.

ನಮ್ಮ ಗೌರಿಬಿದನೂರು ತಾಲ್ಲೂಕು ಈ ವಿಷಯದಲ್ಲಿ ಬಡವಾಗಿ ಹುಟ್ಟಿದ್ದಲ್ಲ. ವಿದುರಾಶ್ವತ್ಥದಲ್ಲಿ 1938ರ ಏಪ್ರಿಲ್ 25ರಂದು ಬಾವುಟ ಹಾರಿಸಲು ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು; ಹಲವರು ಪ್ರಾಣ ಕೊಟ್ಟರು. ಅಂದು ಮೈಸೂರು ಸಂಸ್ಥಾನದಲ್ಲಿ ಬಡ ರೈತನಿಗೆ, ಕೂಲಿಯವನಿಗೆ ಓಟಿರಲಿಲ್ಲ. ವಯಸ್ಸಿಗೆ ಬಂದ ಎಲ್ಲರಿಗೂ ಅದು ಸಿಕ್ಕಿದ್ದು 1951-52ರ ಮೊದಲ ಮಹಾಚುನಾವಣೆಯಲ್ಲಿ. ಇದೇ ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು ಭೌತವಿಜ್ಞಾನದ ಮೇಷ್ಟರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾದ ಮೇಲೂ ಜನಕ್ಕೆ ಕಲಿಸಿದ್ದು ಒಂದೇ ವಿದ್ಯೆ, ಪ್ರಶ್ನೆ ಕೇಳುವುದು. ಪವಾಡ ತೋರಿಸುವವರನ್ನೇ ಅವರು ಬಿಡಲಿಲ್ಲ. ಗಾಳಿಯಿಂದ ಬೂದಿ ಸೃಷ್ಟಿಸುವುದನ್ನು ಪ್ರಶ್ನಿಸಿದವರ ಊರಿನವರು ನಾವು ಗಾಳಿಯಿಂದ ನೋಟು ಬಂದರೆ ಸುಮ್ಮನೆ ಜೇಬಿಗಿಳಿಸಬಹುದೆ?

ವಿದ್ಯಾರ್ಥಿಗಳೇ, ನಿಮ್ಮ ಸರದಿಯೂ ದೂರವಿಲ್ಲ. ಓಟಿನ ವಯಸ್ಸು 21ರಿಂದ 18ಕ್ಕೆ ಇಳಿದದ್ದು 1989ರಲ್ಲಿ. 17 ತುಂಬಿದವರು ಪಟ್ಟಿಗೆ ಹೆಸರು ಸೇರಿಸಲು ಮುಂಚಿತವಾಗಿಯೇ ಅರ್ಜಿ ಹಾಕಬಹುದು. ಅಲ್ಲಿಯವರೆಗೆ ಕೈಕಟ್ಟಿ ಕೂರಬೇಡಿ, ಒಂದು ಮನೆಗೆಲಸ ಕೊಡುತ್ತೇನೆ. ಮುಂದಿನ ಚುನಾವಣೆ ಯಾವುದೇ ಇರಲಿ, ಊಟದ ಹೊತ್ತಿನಲ್ಲಿ ಅಪ್ಪ ಅಮ್ಮನಿಗೆ ಮೂರು ಪ್ರಶ್ನೆ ಕೇಳಿ, ಉತ್ತರವನ್ನು ಪುಸ್ತಕದಲ್ಲಿ ಬರೆದುಕೊಳ್ಳಿ. ಒಂದು, ಹೋದ ಸಲ ಗೆದ್ದವರು ನಮ್ಮೂರಿಗೆ ಏನು ಮಾಡುತ್ತೇನೆಂದಿದ್ದರು? ಎರಡು, ಅದರಲ್ಲಿ ಎಷ್ಟು ಆಗಿದೆ? ಮೂರು, ಮನೆಗೆ ಏನಾದರೂ ಬಂದಿದ್ದರೆ, ಆ ದ್ರವ್ಯ ಎಲ್ಲಿಂದ ಬಂತು?

ಪೋಷಕರು ಸಿಟ್ಟಾಗಬಾರದು, ಇದು ವಿಜ್ಞಾನದ ಮನೆಗೆಲಸ. ಅಂಕಪಟ್ಟಿಗೆ ಹಾಕುವಂತೆಯೇ ಇದಕ್ಕೂ ಕೆಳಗಡೆ ತಮ್ಮ ಸಹಿ ಹಾಕಿ ಕಳಿಸಬೇಕಾಗಿ ವಿನಂತಿ.